ಅಮ್ಮನ ನಿದ್ದೆ ಮಾತ್ರೆ ನಿಲ್ಲಿಸಿ ಮೂರು ದಿನ: ಕೈ ನಡುಗುತ್ತಿದೆ, ಗೋಡೆ ಮೇಲೆ ಇರುವೆ ಕಾಣುತ್ತವಂತೆ

ತುಂಗಾತೀರ · ಭಾನುವಾರ ರಾತ್ರಿ

ಗಾಬರಿಯಲ್ಲಿ ಬರೆಯುತ್ತಿದ್ದೇನೆ, ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವು ತೀರ್ಥಹಳ್ಳಿ ಕಡೆಯವರು. ಅಮ್ಮನಿಗೆ 74. ಅಪ್ಪ ತೀರಿಕೊಂಡಾಗ ಅಮ್ಮ ರಾತ್ರಿಯಿಡೀ ಜಗುಲಿಯಲ್ಲಿ ಕೂತೇ ಬೆಳಗು ಮಾಡುತ್ತಿದ್ದಳು. ಆಗ ಒಬ್ಬ ಡಾಕ್ಟರು ಅಲ್ಪ್ರಜೋಲಾಮ್ 0.5 ಮಿಲಿಗ್ರಾಂ ಮಾತ್ರೆಯನ್ನು ಹದಿನೈದು ದಿನಕ್ಕೆ ಬರೆದುಕೊಟ್ಟರು. ಆ ಹದಿನೈದು ದಿನ ಏಳು ವರ್ಷವಾಗಿದೆ. ಚೀಟಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಖಾಲಿ ಪಟ್ಟಿ ತೋರಿಸಿದರೆ ಅಂಗಡಿಯಲ್ಲಿ ಹೊಸದು ಕೊಡುತ್ತಿದ್ದರು.

ಎರಡು ವರ್ಷದಿಂದ ಅಮ್ಮನಿಗೆ ಮರೆವು. ಒಲೆ ಮೇಲೆ ಹಾಲಿಟ್ಟು ಹೂ ಕೊಯ್ಯಲು ಹೋಗಿಬಿಡುತ್ತಾಳೆ. ಬೆಳಿಗ್ಗೆ ಹತ್ತಾದರೂ ಮಂಪರು ಇಳಿಯುವುದಿಲ್ಲ, ನಡೆದರೆ ಜೋಲಿ. ಅರಳು ಮರಳು, ವಯಸ್ಸಾಯಿತು ಅಂತ ಮನೆಯವರೆಲ್ಲ ಒಪ್ಪಿಕೊಂಡುಬಿಟ್ಟಿದ್ದೆವು. ಕಳೆದ ವಾರ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಇದೆಲ್ಲ ಆ ಮಾತ್ರೆಯದ್ದೇ ಕೆಲಸ ಅಂತ ಎಲ್ಲೋ ಓದಿ, ಸಿಟ್ಟು ಬಂದು, ಗುರುವಾರ ಪಟ್ಟಿಯನ್ನೇ ಒಲೆಗೆ ಹಾಕಿದೆ.

ಶುಕ್ರವಾರ ರಾತ್ರಿ ಅಮ್ಮ ಕಣ್ಣು ಮುಚ್ಚಲಿಲ್ಲ. ನಿನ್ನೆಯಿಂದ ಬೆವರು, ಕೈ ನಡುಕ. ಪಾತ್ರೆ ಸದ್ದಾದರೆ ಬೆಚ್ಚಿ ಕಿವಿ ಮುಚ್ಚಿಕೊಳ್ಳುತ್ತಾಳೆ. ಇವತ್ತು ಸಂಜೆ ಗೋಡೆ ತುಂಬ ಇರುವೆ ಅನ್ನುತ್ತಿದ್ದಾಳೆ. ಒಂದೂ ಇಲ್ಲ. ಹಳೆಯ ಸಂಕಟ ಮತ್ತೆ ಬಂತೋ, ಇದು ಬೇರೆಯದೋ? ಇನ್ನೆರಡು ದಿನ ತಡೆದುಕೊಂಡರೆ ಸರಿಹೋಗುತ್ತದೆಯೇ?

ರಾತ್ರಿಪಾಳಿ · 12 ನಿಮಿಷದ ನಂತರ

ಅಕ್ಕ, ತಡೆದುಕೊಳ್ಳಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ನಾನು ಉಡುಪಿಯಲ್ಲಿ ತೀವ್ರ ನಿಗಾ ಘಟಕದ ನರ್ಸ್. ಏಳು ವರ್ಷ ತೆಗೆದುಕೊಂಡ ಅಲ್ಪ್ರಜೋಲಾಮ್ ಒಮ್ಮೆಲೇ ನಿಂತು ಮೂರನೇ ದಿನಕ್ಕೆ ಇಲ್ಲದ್ದು ಕಾಣುತ್ತಿದೆ ಅಂದರೆ ಮುಂದೆ ಫಿಟ್ಸ್ ಬರಬಹುದು. ಈ ವಯಸ್ಸಿನಲ್ಲಿ ಅದು ಜೀವಕ್ಕೇ ಅಪಾಯ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಅಲ್ಲಿ ಮೊದಲ ಮಾತೇ ಇದಾಗಿರಲಿ: "ಏಳು ವರ್ಷದ ನಿದ್ದೆ ಮಾತ್ರೆ ಗುರುವಾರ ನಿಂತಿದೆ." ಇದನ್ನು ಹೇಳದಿದ್ದರೆ ಅವರು ಪಾರ್ಶ್ವವಾಯು, ಸೋಂಕು ಅಂತ ಬೇರೆ ದಾರಿಯಲ್ಲೇ ಹುಡುಕುತ್ತ ಹೋಗುತ್ತಾರೆ. ರಕ್ತದಲ್ಲಿ ಸೋಡಿಯಂ ನೋಡಲಿಕ್ಕೂ ಹೇಳಿ. ವಯಸ್ಸಾದವರಲ್ಲಿ ಅದು ಇಳಿದರೂ ಹೀಗೇ ಬಡಬಡಿಸುತ್ತಾರೆ.

ತುಂಗಾತೀರ · ಸೋಮವಾರ ಮಧ್ಯಾಹ್ನ

ಅಮ್ಮ ಮಲಗಿದ್ದಾಳೆ. ರಾತ್ರಿಯೇ ಶಿವಮೊಗ್ಗಕ್ಕೆ ಕರೆತಂದೆವು. ಬಿಟ್ಟ ಮಾತ್ರೆಯನ್ನೇ ಮತ್ತೆ ಶುರುಮಾಡಿದ್ದಾರೆ. ಬೆಳಿಗ್ಗೆ ಹೊತ್ತಿಗೆ ಇರುವೆಗಳಿಲ್ಲ. ಸೋಡಿಯಂ ಸ್ವಲ್ಪ ಕಡಿಮೆ ಇದೆಯಂತೆ. ರಾತ್ರಿಪಾಳಿ ಅವರೇ, ನಿಮ್ಮ ಋಣ ತೀರಿಸಲಾರೆ.

ಆದರೆ ಒಂದು ತಲೆಗೆ ಹೋಗುತ್ತಿಲ್ಲ. ಯಾವ ಮಾತ್ರೆ ಅಮ್ಮನನ್ನು ಬೀಳಿಸಿತೋ ಅದನ್ನೇ ಮತ್ತೆ ಕೊಡುವುದು ಹೇಗೆ ಸರಿ? ಅಷ್ಟು ಚಿಕ್ಕ ಮಾತ್ರೆ, ಅರ್ಧ ಮಿಲಿಗ್ರಾಂ, ಮೈಯೊಳಗೆ ಇಷ್ಟೆಲ್ಲ ಏನು ಮಾಡುತ್ತದೆ?

ಗುಡ್ಡದ ವೈದ್ಯೆ · ಸೋಮವಾರ ರಾತ್ರಿ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಇಂಥ ಅಮ್ಮಂದಿರು ತಿಂಗಳಿಗೆ ನಾಲ್ಕೈದು ಮಂದಿಯಾದರೂ ನನ್ನ ಮುಂದೆ ಕೂರುತ್ತಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಿದುಳಿನ ನರಕೋಶಗಳನ್ನು ಎಬ್ಬಿಸುವ ರಾಸಾಯನಿಕ ಒಂದಿದೆ, ಗ್ಲುಟಮೇಟ್. ಸುಮ್ಮನಿರಿಸುವುದು ಇನ್ನೊಂದು, ಗಾಬಾ. ಗಾಬಾ ಬಂದು ಕೂರುವ ಜಾಗವನ್ನು ಕೆರೆಯ ತೂಬು ಅಂದುಕೊಳ್ಳಿ. ಅದು ಬಂದು ಕೂತರೆ ತೂಬು ತೆರೆದು ಕ್ಲೋರೈಡ್ ಅಯಾನುಗಳು ಕೋಶದೊಳಕ್ಕೆ ಹರಿಯುತ್ತವೆ, ಕೋಶ ತಣ್ಣಗಾಗುತ್ತದೆ. ಅಲ್ಪ್ರಜೋಲಾಮ್, ಡಯಾಜೆಪಾಮ್, ಲೊರಾಜೆಪಾಮ್, ಕ್ಲೊನಾಜೆಪಾಮ್ ಎಲ್ಲ ಬೆಂಜೊಡಯಜೆಪೀನ್ ಎಂಬ ಒಂದೇ ಬಳಗದವು. ಇವು ತಾವಾಗಿ ತೂಬು ಎತ್ತುವುದಿಲ್ಲ. ಪಕ್ಕದಲ್ಲಿ ಕೂತು, ಗಾಬಾ ಬಂದಾಗ ತೂಬು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತವೆ.

ಈ ತೂಬುಗಳು ಮಿದುಳಿನ ಒಂದೇ ಮೂಲೆಯಲ್ಲಿದ್ದರೆ ಚಿಂತೆಯಿರಲಿಲ್ಲ. ಆತಂಕ ಹುಟ್ಟುವ ಕಡೆ ಇವೆ, ಅಲ್ಲಿ ತಣ್ಣಗಾದರೆ ನೆಮ್ಮದಿ. ಕಿರುಮಿದುಳಿನಲ್ಲೂ ಇವೆ, ಅಲ್ಲಿ ತಣ್ಣಗಾದರೆ ನಡಿಗೆಯ ಹಿಡಿತ ತಪ್ಪುತ್ತದೆ. ಬೆನ್ನುಹುರಿಯಲ್ಲಿವೆ, ಸ್ನಾಯು ಸಡಿಲವಾಗುತ್ತದೆ. ಹೊಸ ನೆನಪನ್ನು ಬರೆದಿಡುವ ಹಿಪ್ಪೋಕ್ಯಾಂಪಸ್‌ನಲ್ಲಿವೆ, ಅಲ್ಲಿ ತಣ್ಣಗಾದರೆ ನಡೆದದ್ದು ದಾಖಲಾಗುವುದೇ ಇಲ್ಲ. ಮಾತ್ರೆಗೆ ನಿಮ್ಮಮ್ಮನ ದುಃಖದ ವಿಳಾಸ ಮಾತ್ರ ಗೊತ್ತಿರಲಿಲ್ಲ. ಅದು ಎಲ್ಲ ಮನೆಗೂ ಹೋಯಿತು.

ಇನ್ನು ನಿಲ್ಲಿಸಿದಾಗ ಆದದ್ದು. ಹಗ್ಗಜಗ್ಗಾಟ ನೋಡಿದ್ದೀರಲ್ಲ. ಮಾತ್ರೆ ಒಂದು ಕಡೆಯಿಂದ ವರ್ಷಗಟ್ಟಲೆ ಎಳೆಯುತ್ತಿದ್ದರೆ ಮಿದುಳು ಸೋಲಬಾರದು ಅಂತ ಇನ್ನೊಂದು ಕಡೆಯಿಂದ ಎಳೆಯುವುದು ಕಲಿಯುತ್ತದೆ. ಗಾಬಾದ ತೂಬುಗಳ ಸ್ಪಂದನೆ ತಗ್ಗುತ್ತದೆ, ಎಬ್ಬಿಸುವ ಕಡೆಯವರ ಬಲ ಹೆಚ್ಚುತ್ತದೆ. ಅದಕ್ಕೇ ಮೊದಲ ವಾರಗಳಲ್ಲಿ ಬಂದ ಒಳ್ಳೆಯ ನಿದ್ದೆ ಆಮೇಲೆ ಅದೇ ಮಾತ್ರೆಗೆ ಬರುವುದಿಲ್ಲ. ಗುರುವಾರ ನೀವು ಒಂದು ತಂಡದವರ ಕೈಯಿಂದ ಹಗ್ಗ ಒಮ್ಮೆಲೇ ಬಿಡಿಸಿದಿರಿ. ಇನ್ನೊಂದು ತಂಡ ಪೂರ್ತಿ ಹಿಂದಕ್ಕೆ ಬಿತ್ತು. ನಡುಕ, ಬೆವರು, ಸದ್ದಿಗೆ ಬೆಚ್ಚುವುದು, ಇರುವೆ, ಎಲ್ಲ ಆ ಬಿದ್ದದ್ದೇ. ಹಳೆಯ ಸಂಕಟ ಮರಳಿದ್ದರೆ ಹಳೆಯ ಲಕ್ಷಣಗಳು ಬರಬೇಕಿತ್ತು. ಅಪ್ಪ ಹೋದಾಗ ನಿಮ್ಮಮ್ಮನಿಗೆ ಪಾತ್ರೆ ಸದ್ದು ಕಿವಿ ಇರಿಯುತ್ತಿತ್ತೇ? ಇಲ್ಲವಲ್ಲ.

ಅಲ್ಪ್ರಜೋಲಾಮ್ ದೊಡ್ಡವರ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 11 ಗಂಟೆ ಸಾಕು, ವಯಸ್ಸಾದವರಲ್ಲಿ ಸುಮಾರು 16. ಹಾಗಾಗಿ ಬಿಟ್ಟ ಒಂದೆರಡು ದಿನಕ್ಕೇ ಪೆಟ್ಟು ತಗಲುತ್ತದೆ. ಡಯಾಜೆಪಾಮ್ ಹಾಗಲ್ಲ. ಅದು, ಅದರಿಂದ ಹುಟ್ಟುವ ಇನ್ನೊಂದು ವಸ್ತು, ಎರಡೂ ದಿನಗಟ್ಟಲೆ ಉಳಿಯುತ್ತವೆ. ವಯಸ್ಸಾದಂತೆ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ, ಯಕೃತ್ತಿನ ಕೆಲಸ ನಿಧಾನವಾಗುತ್ತದೆ. ಕೊಬ್ಬಿನಲ್ಲಿ ಕರಗುವ ಈ ಮದ್ದುಗಳಿಗೆ ಅದು ಕಣಜವಿದ್ದ ಹಾಗೆ. ನಿನ್ನೆಯದು ಖಾಲಿಯಾಗುವ ಮೊದಲೇ ಇವತ್ತಿನದು ಬಂದು ಬೀಳುತ್ತದೆ. 67ರಲ್ಲಿ ತಡೆದುಕೊಂಡ ಅರ್ಧ ಮಿಲಿಗ್ರಾಂ 74ರ ದೇಹಕ್ಕೆ ಅದೇ ಅರ್ಧ ಮಿಲಿಗ್ರಾಂ ಅಲ್ಲ.

ಅದೇ ಮಾತ್ರೆ ಮತ್ತೆ ಕೊಟ್ಟದ್ದು ಯಾಕೆಂದರೆ, ಹಗ್ಗವನ್ನು ಮೊದಲು ಕೈಗೆ ಕೊಟ್ಟು ಆಮೇಲೆ ಬೆರಳಗಲ ಬೆರಳಗಲ ಸಡಿಲಿಸಬೇಕು. ಬಿಡಲೇಬೇಕು, ಆದರೆ ಹೀಗೆ.

ಕೆರೆಕೋಡಿ

ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ನಮ್ಮಪ್ಪ ಇಪ್ಪತ್ತು ವರ್ಷದಿಂದ ಇದೇ ಮಾತ್ರೆ ನುಂಗ್ತಾವ್ರೆ. ಗದ್ದೆಗೂ ಹೋಗ್ತಾರೆ, ಲೆಕ್ಕನೂ ಇಡ್ತಾರೆ. ಎಂಬತ್ತರ ಮುದುಕರ ನಿದ್ದೆ ಕಿತ್ಕೊಂಡು ಯಾರಿಗೇನು ಪುಣ್ಯ?

ಗುಡ್ಡದ ವೈದ್ಯೆ

ಬೇಜಾರಿಲ್ಲ. ಈ ಪ್ರಶ್ನೆ ನ್ಯಾಯವಾದದ್ದು. ನಿಮ್ಮ ತಂದೆಗೆ ಒತ್ತಾಯ ಮಾಡಿ ಬಿಡಿಸಿ ಅಂತ ನಾನು ಹೇಳುವುದಿಲ್ಲ, ಒತ್ತಾಯದಿಂದ ಬಿಡಿಸಿದ್ದು ನಿಲ್ಲುವುದೂ ಇಲ್ಲ. ಎರಡು ಮಾತು ಮಾತ್ರ ಅವರ ಕಿವಿಗೆ ಬೀಳಲಿ. ಇಷ್ಟು ವರ್ಷದ ಮೇಲೆ ಮಾತ್ರೆ ಕೊಡುತ್ತಿರುವುದು ಹೆಚ್ಚುಪಾಲು ನಿದ್ದೆಯನ್ನಲ್ಲ, ಮಾತ್ರೆ ಇಲ್ಲದಿದ್ದರೆ ಬರುವ ಸಂಕಟದಿಂದ ಬಿಡುಗಡೆಯನ್ನು. ಒಂದು ರಾತ್ರಿ ತಪ್ಪಿದಾಗ "ನೋಡು, ಇದಿಲ್ಲದೆ ನನಗಾಗುವುದಿಲ್ಲ" ಅನ್ನಿಸುವುದು ಅದಕ್ಕೇ. ಇನ್ನೊಂದು, ಈ ಮಾತ್ರೆ ನಿದ್ದೆಯ ಹೊತ್ತನ್ನು ಉದ್ದ ಮಾಡಬಹುದು, ಆದರೆ ಅದರೊಳಗಿನ ಗಾಢ ನಿದ್ದೆಯ ಪಾಲನ್ನು ಕಡಿಮೆ ಮಾಡುತ್ತದೆ.

ಅವರು ಸಂಜೆ ಹೆಂಡವೋ ಬ್ರಾಂದಿಯೋ ತೆಗೆದುಕೊಳ್ಳುತ್ತಾರೆಯೇ? ಹಾಗಿದ್ದರೆ ಮಾತು ಬೇರೆಯೇ ಆಗುತ್ತದೆ.

ರಾತ್ರಿಪಾಳಿ

ಅದನ್ನೇ ಬರೆಯಬೇಕು ಅಂತಿದ್ದೆ. ಈ ಮಾತ್ರೆ ಒಂದನ್ನೇ ಜಾಸ್ತಿ ನುಂಗಿ ಬಂದವರಲ್ಲಿ ಹೆಚ್ಚಿನವರು ನಿದ್ದೆ ತಿಳಿದು ಎದ್ದು ಮನೆಗೆ ಹೋಗಿದ್ದಾರೆ. ಮದ್ಯದ ಜೊತೆ, ಇಲ್ಲವೇ ಟ್ರಮಡಾಲ್‌ನಂಥ ಅಫೀಮು ಜಾತಿಯ ನೋವಿನ ಮಾತ್ರೆಯ ಜೊತೆ ಸೇರಿದಾಗ ಕತೆ ಹಾಗಿರುವುದಿಲ್ಲ. ಮದ್ಯವೂ ಅದೇ ಗಾಬಾ ವ್ಯವಸ್ಥೆಯನ್ನೇ ಹಿಡಿಯುತ್ತದೆ. ಅಫೀಮು ಜಾತಿಯವು ಮಿದುಳಿನ ಬುಡದಲ್ಲಿ ಉಸಿರಾಟ ನಡೆಸುವ ಜಾಗವನ್ನೇ ಕುಗ್ಗಿಸುತ್ತವೆ. ಒಂದರ ಮೇಲೊಂದು ಬಿದ್ದರೆ ಮಲಗಿದವರು ಗೊರಕೆ ಹೊಡೆಯುತ್ತ ಹೊಡೆಯುತ್ತ ಉಸಿರು ನಿಲ್ಲಿಸುತ್ತಾರೆ. ಮನೆಯವರು ಒಳ್ಳೆ ನಿದ್ದೆ ಬಂದಿದೆ ಅಂತ ಬಾಗಿಲು ಎಳೆದುಕೊಂಡು ಹೋಗಿರುತ್ತಾರೆ. ಇದನ್ನು ನಾನು ಎರಡು ಸಲ ನೋಡಿದ್ದೇನೆ.

ವೈದ್ಯೆಯವರು ಹೇಳಿದ ನೆನಪಿನ ಮಾತು ನಮ್ಮಲ್ಲಿ ಎಂಡೋಸ್ಕೋಪಿ ಕೋಣೆಯಲ್ಲಿ ಕಣ್ಣಾರೆ ಕಾಣುತ್ತದೆ. ಮಿಡಜೋಲಾಮ್ ಇಂಜೆಕ್ಷನ್ ಇದೇ ಬಳಗದ್ದು. ಕೊಟ್ಟ ಮೇಲೆ ರೋಗಿ ಕಣ್ಣು ಬಿಡುತ್ತಾರೆ, ನಾವು ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಒಂದು ಗಂಟೆ ಬಿಟ್ಟು "ಸಿಸ್ಟರ್, ಯಾವಾಗ ಶುರು ಮಾಡುತ್ತೀರಿ?" ಅಂತ ಕೇಳುತ್ತಾರೆ.

ಕೆರೆಕೋಡಿ

ಸಂಜೆ ಕಾಲು ಬಾಟ್ಲಿ ತಗೋತಾರೆ. ನಂಗೆ ಇದು ಗೊತ್ತಿರ್ಲಿಲ್ಲ. ನಾಳೆ ಬೆಳಿಗ್ಗೆನೇ ಕರ್ಕೊಂಡೋಗ್ತೀನಿ.

ಪುಟ್ಟಿಯ ಅಮ್ಮ

ಎಲ್ಲರ ಮಾತೂ ಸರಿ, ಆದರೆ ನನ್ನದೊಂದು ಕೋರಿಕೆ. ನನ್ನ ಮಗಳಿಗೆ ಆರು ವರ್ಷ, ಮೂರ್ಛೆ ರೋಗ. ದಿನಾ ಕ್ಲೋಬಜಾಮ್ ಕೊಡುತ್ತೇವೆ. ಫಿಟ್ಸ್ ಐದು ನಿಮಿಷ ದಾಟಿದರೆ ಮೂಗಿಗೆ ಹೊಡೆಯಲು ಮಿಡಜೋಲಾಮ್ ಸ್ಪ್ರೇ ಯಾವಾಗಲೂ ನನ್ನ ಬ್ಯಾಗಿನಲ್ಲಿರುತ್ತದೆ. ಎರಡೂ ನೀವು ಹೇಳುತ್ತಿರುವ ಬಳಗದವೇ. ಕಳೆದ ವರ್ಷ ಹಾಸನದಿಂದ ಬರುವಾಗ ಬಸ್ಸಿನಲ್ಲಿ ಆ ಸ್ಪ್ರೇ ನನ್ನ ಮಗುವನ್ನು ಉಳಿಸಿತು. ಇಂಥ ಚರ್ಚೆ ಓದಿದ ನಮ್ಮ ಸಂಬಂಧಿಕರೊಬ್ಬರು "ಚಟ ಹತ್ತುವ ಮಾತ್ರೆ, ಬಿಡಿಸು" ಅಂತ ನನ್ನ ಹಿಂದೆ ಬಿದ್ದಿದ್ದರು. ದಯವಿಟ್ಟು ಮದ್ದಿನ ಹೆಸರನ್ನೇ ಕೆಟ್ಟದು ಮಾಡಬೇಡಿ. ಯಾರಿಗೆ, ಯಾತಕ್ಕೆ, ಎಷ್ಟು ದಿನ ಅಂತ ಹೇಳಿ.

ಗುಡ್ಡದ ವೈದ್ಯೆ

ತಾಯೀ, ನೂರಕ್ಕೆ ನೂರು ಒಪ್ಪಿದೆ. ನಾನೇ ಇದನ್ನು ಮೊದಲು ಬರೆಯಬೇಕಿತ್ತು. ನಿಮ್ಮ ಮಗಳ ಮಾತ್ರೆ ಒಂದು ಹೊತ್ತೂ ತಪ್ಪದಿರಲಿ.

ಈ ಬಳಗದ ಮಾತ್ರೆಗಳಾದ ಲಿಬ್ರಿಯಮ್ 1960ರಲ್ಲಿ, 1963ರಲ್ಲಿ ವ್ಯಾಲಿಯಂ ಮಾರುಕಟ್ಟೆಗೆ ಬಂದಾಗ ವೈದ್ಯರು ಸಂತೋಷಪಟ್ಟದ್ದರಲ್ಲಿ ಅರ್ಥವಿತ್ತು. ಅದಕ್ಕೆ ಮುಂಚೆ ನಿದ್ದೆಗೆ ಕೊಡುತ್ತಿದ್ದದ್ದು ಬಾರ್ಬಿಟ್ಯುರೇಟ್. ಅದು ಪ್ರಮಾಣ ಹೆಚ್ಚಾದರೆ ಗಾಬಾಕ್ಕೆ ಕಾಯದೆ ತೂಬನ್ನು ತಾನೇ ತೆರೆದುಬಿಡುತ್ತದೆ, ಉಸಿರು ನಿಲ್ಲುತ್ತದೆ. ಹೊಸ ಬಳಗ ಅದಕ್ಕಿಂತ ಎಷ್ಟೋ ಸುರಕ್ಷಿತವಾಗಿತ್ತು. ಆ ನಂಬಿಕೆಯಿಂದಲೇ ಹದಿನೈದು ದಿನದ ಚೀಟಿಗಳು ವರ್ಷಗಟ್ಟಲೆ ಬೆಳೆದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವಲಂಬನೆ, ಬಿಟ್ಟಾಗಿನ ತೊಂದರೆ ಕುರಿತ ಎಚ್ಚರಿಕೆಯನ್ನು ಇಡೀ ಬಳಗದ ಮೇಲೆ ಚೌಕಟ್ಟು ಹಾಕಿ ಮುದ್ರಿಸಲು ಹೇಳಿದ್ದು 2020ರಲ್ಲಿ.

ಸುರಪುರದವ

ನಮ್ಮ ಕಡಿ ಇದು ಪಟ್ಟಿಯಾಗಷ್ಟ ಬರಂಗಿಲ್ರಿ, ಶೇಂದಿ ಗಡಿಗ್ಯಾಗೂ ಬರ್ತದ. ಗಿಡದಿಂದ ಇಳಿಸಿದ್ದು ಸಾಕಾಗಂಗಿಲ್ಲ, ಕುಡಿಯೋರು ಭಾಳ. ನೀರು ಬೆರಸ್ತಾರ, ನಶಾ ಏರ್ಲಿ ಅಂತ ಅಲ್ಪ್ರಜೋಲಾಮ್, ಡಯಾಜೆಪಾಮ್, ಇಲ್ಲಾಂದ್ರ ಕ್ಲೋರಲ್ ಹೈಡ್ರೇಟ್ ಪುಡಿ ಹಾಕ್ತಾರ. ಕುಡಿಯಾಂವಗ ತಾ ಗುಳಿಗಿ ನುಂಗಾಕತ್ತೀನಿ ಅಂತ ಗೊತ್ತ ಇರಂಗಿಲ್ಲ.

2015ರ ಸೆಪ್ಟೆಂಬರ್‌ದಾಗ ತೆಲಂಗಾಣದಾಗ ಕಲಬೆರಕಿ ಶೇಂದಿ ಮ್ಯಾಲ ಕೈ ಬಿಗಿ ಮಾಡಿದ್ರು. ನಿಜಾಮಾಬಾದ್ ಕಡಿ ದವಾಖಾನಿಗೆ ಮಂದಿ ಸಾಲುಗಟ್ಟಿ ಬಂದ್ರು. ಫಿಟ್ಸ್, ನಡುಗೋದು, ಏನೇನರ ಕಾಣೋದು, ಬಡಬಡಿಸೋದು. ಈ ಅಕ್ಕಾರು ಬರದದ್ದು ಓದಿ ನನಗ ಮೈ ಝುಂ ಅಂತು. ನಮ್ಮ ದೊಡ್ಡಪ್ಪ ಹಿಂಗ ಶೇಂದಿ ಬಿಟ್ಟ ಮೂರನೇ ದಿನ ಹೊಲದಾಗ ಫಿಟ್ಸ್ ಬಂದು ಬಿದ್ದಾನ. ದೇವರು ಮೈಯಾಗ ಬಂದಾನ ಅಂತ ಗುಡಿಗೆ ಒಯ್ದಿದ್ರು, ದವಾಖಾನಿಗೆ ಒಯ್ಯೂದ್ರಾಗ ತಡ ಆತು. ನಮಗ ಯಾರೂ ಹೇಳಿದ್ದಿಲ್ರಿ, ಬಿಡೂದೂ ಒಂದ್ ರೋಗ ಆಗ್ತದಂತ.

ತುಂಗಾತೀರ

ಅಣ್ಣಾ, ಓದಿ ಕಣ್ಣು ತುಂಬಿತು. ನನಗೂ ಯಾರೂ ಹೇಳಿರಲಿಲ್ಲ.

ಔಷಧಿ ಕಟ್ಟೆ

ಇಪ್ಪತ್ತೆರಡು ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಖಾಲಿ ಪಟ್ಟಿ ನೋಡಿ ಅಲ್ಪ್ರಜೋಲಾಮ್ ಕೊಡುವುದು ಕಾನೂನಿನಲ್ಲಿ ತಪ್ಪು. 2014ರ ಮಾರ್ಚ್ 1ರಿಂದ ಇದು ಷೆಡ್ಯೂಲ್ ಎಚ್1 ಎಂಬ ಬಿಗಿ ನಿಯಮದ ಔಷಧಿಗಳ ಸಾಲಿನಲ್ಲಿದೆ. ವೈದ್ಯರ ಚೀಟಿ ಇರಲೇಬೇಕು, ಬರೆದವರ ಹೆಸರು ವಿಳಾಸ, ರೋಗಿಯ ಹೆಸರು, ಮಾತ್ರೆ, ಎಷ್ಟು ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಪಟ್ಟಿಯ ಮೇಲೆ ಕೆಂಪು ಅಂಚಿನ ಚೌಕದಲ್ಲಿ ಎಚ್ಚರಿಕೆಯೂ ಇರುತ್ತದೆ. ನಮ್ಮ ವೃತ್ತಿಯವರು ಕೆಲವರು ಇದನ್ನು ಪಾಲಿಸುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ. ನಿಮ್ಮೂರಿನ ಆ ಅಂಗಡಿಯವನು ಒಂದು ಸಲ "ಚೀಟಿ ತನ್ನಿ ಅಮ್ಮ" ಅಂದಿದ್ದರೂ ಯಾರಾದರೂ ವೈದ್ಯರು ಮತ್ತೆ ನೋಡುತ್ತಿದ್ದರು.

ಅಮ್ಮನ ಉಳಿದ ಮಾತ್ರೆಗಳ ಹೆಸರು ಹಾಕುತ್ತೀರಾ? ರಾತ್ರಿ ಬಚ್ಚಲಿಗೆ ಯಾಕೆ ಏಳುತ್ತಿದ್ದರು ಅಂತ ನನಗೊಂದು ಅನುಮಾನ.

ತುಂಗಾತೀರ

ಬಿಸ್ಕತ್ತಿನ ಡಬ್ಬಿ ತುಂಬ ಇವೆ. ಬಿಪಿಗೆ ಅಮ್ಲೊಡಿಪಿನ್ 10 ಮಿಲಿಗ್ರಾಂ. ಪಾದ ಊದಿಕೊಂಡಿತ್ತು ಅಂತ ಹೋದ ವರ್ಷ ಫ್ಯುರೋಸಮೈಡ್ ಕೊಟ್ಟರು, ಅದನ್ನು ಊಟವಾದ ಮೇಲೆ ರಾತ್ರಿ ತೆಗೆದುಕೊಳ್ಳುತ್ತಾಳೆ. ಮೈ ತುರಿಕೆಗೆ ಅವಿಲ್. ಆಮೇಲೆ ಈ ನಿದ್ದೆಯದ್ದು.

ಔಷಧಿ ಕಟ್ಟೆ

ಹಾಗಾದರೆ ನಿಮ್ಮಮ್ಮ ಬಿದ್ದದ್ದಕ್ಕೆ ಒಂದಲ್ಲ, ನಾಲ್ಕು ಕಾರಣ ಆ ಡಬ್ಬಿಯಲ್ಲಿ ಸಾಲಾಗಿ ಕೂತಿವೆ.

ಅಮ್ಲೊಡಿಪಿನ್ ರಕ್ತನಾಳವನ್ನು ಹಿಗ್ಗಿಸುತ್ತದೆ, ಬಿಪಿ ಇಳಿಯುವುದು ಅದರಿಂದಲೇ. ಪ್ರಮಾಣ ಹೆಚ್ಚಿದ್ದರೆ ಕೆಲವರ ಪಾದಕ್ಕೆ ನೀರು ಜಿನುಗಿ ಊತ ಬರುತ್ತದೆ. ದೇಹದಲ್ಲಿ ನೀರು ಜಾಸ್ತಿಯಾದದ್ದಲ್ಲ, ನಾಳದಿಂದ ಆಚೆ ಜಿನುಗಿದ್ದು. ಆದ್ದರಿಂದ ಮೂತ್ರ ಹೋಗಿಸುವ ಫ್ಯುರೋಸಮೈಡ್‌ನಿಂದ ಆ ಊತ ಅಷ್ಟಾಗಿ ಇಳಿಯುವುದಿಲ್ಲ, ಸೋಡಿಯಂ ಪೊಟ್ಯಾಸಿಯಂ ಮಾತ್ರ ಇಳಿಯಬಹುದು. ಅದನ್ನು ರಾತ್ರಿ ನುಂಗಿದರೆ ಮಧ್ಯರಾತ್ರಿ ಎದ್ದು ಓಡಬೇಕು. ಏಳುವ ಹೊತ್ತಿಗೆ ಅಲ್ಪ್ರಜೋಲಾಮ್ ಕಾಲು ಸಡಿಲ ಮಾಡಿರುತ್ತದೆ. ಮೇಲೆ ಅವಿಲ್. ಅದು ಹಳೆಯ ತಲೆಮಾರಿನ ಅಲರ್ಜಿ ಮಾತ್ರೆ, ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಸುಲಭವಾಗಿ ದಾಟುತ್ತದೆ. ಮಂಪರು ಬರುವುದಷ್ಟೇ ಅಲ್ಲ, ನೆನಪಿಗೆ ಬೇಕಾದ ಮಿದುಳಿನ ರಾಸಾಯನಿಕ ಅಸಿಟೈಲ್‌ಕೋಲಿನ್‌ಗೂ ಅಡ್ಡ ಬರುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಗೊಂದಲ ಎಲ್ಲ ಅದರ ಜೊತೆಗಾರರು. ಅಮ್ಮನಿಗೆ ಬಾಯಿ ಒಣಗುತ್ತಿತ್ತಲ್ಲವೇ?

ಒಂದು ಮಾತ್ರೆಯ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಮಾತ್ರೆ ಕೊಡುವುದು ಅಂಗಡಿಯಲ್ಲಿ ಕೂತ ನನಗೆ ದಿನಾ ಕಾಣುತ್ತದೆ. ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಫ್ಯುರೋಸಮೈಡ್ ಹೃದಯಕ್ಕೆ ಅಂತ ಕೊಟ್ಟಿದ್ದರೆ ಲೆಕ್ಕವೇ ಬೇರೆ. ಡಬ್ಬಿಯನ್ನು ಹಾಗೆಯೇ ಒಯ್ದು ವೈದ್ಯರ ಮೇಜಿನ ಮೇಲೆ ಸುರಿಯಿರಿ.

ಹಿಮದೂರಿನ ಕನ್ನಡತಿ

ನಾನು ಮಾಂಟ್ರಿಯಲ್‌ನಲ್ಲಿರುವುದು. ಇಲ್ಲಿನ ಔಷಧಿ ಅಂಗಡಿಗಳ ಮೂಲಕ ಒಂದು ಪ್ರಯೋಗ ನಡೆದಿತ್ತು, 2014ರಲ್ಲಿ ಪ್ರಕಟವಾಯಿತು. ಬಹುಕಾಲದಿಂದ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ, 65 ದಾಟಿದ 303 ಮಂದಿ. ಅರ್ಧದಷ್ಟು ಜನರ ಮನೆಗೆ ಒಂದು ಪುಸ್ತಿಕೆ ಕಳಿಸಿದರು. ಮಾತ್ರೆ ಏನು ಮಾಡುತ್ತದೆ, ವಾರವಾರಕ್ಕೆ ಹೇಗೆ ಇಳಿಸಬೇಕು ಅಂತ ಸರಳ ಮಾತಿನಲ್ಲಿ, ಅರ್ಧ ಮಾತ್ರೆ ಕಾಲು ಮಾತ್ರೆಯ ಚಿತ್ರ ಹಾಕಿ. ಆರು ತಿಂಗಳಿಗೆ ಪುಸ್ತಿಕೆ ಸಿಕ್ಕವರಲ್ಲಿ ಶೇ 27ರಷ್ಟು ಮಂದಿ ಪೂರ್ತಿ ಬಿಟ್ಟಿದ್ದರು, ಸಿಗದವರಲ್ಲಿ ಶೇ 5. ಅಂಥದ್ದೊಂದು ಕನ್ನಡದಲ್ಲಿ ನಮ್ಮ ಪ್ರತಿ ಪಿಎಚ್‌ಸಿಯ ಬೆಂಚಿನ ಮೇಲೆ ಇರಬೇಕು ಅನ್ನುವುದು ನನ್ನ ಆಸೆ. ಬರೆಯಲು ನಾನು ಸಿದ್ಧ, ವೈದ್ಯೆಯವರು ತಿದ್ದಿಕೊಟ್ಟರೆ.

ಗುಡ್ಡದ ವೈದ್ಯೆ

ತಿದ್ದಿಕೊಡುತ್ತೇನೆ, ಇವತ್ತೇ ಶುರುಮಾಡಿ. ಮೊದಲ ಪುಟದಲ್ಲಿ "ಒಮ್ಮೆಲೇ ನಿಲ್ಲಿಸಬೇಡಿ" ಅಂತ ದೊಡ್ಡದಾಗಿ ಇರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಹಾಕಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.

ತುಂಗಾತೀರ · ಐದು ವಾರದ ನಂತರ

ತಡವಾಯಿತು, ಕ್ಷಮಿಸಿ. ಡಬ್ಬಿ ಸುರಿದೆ. ಹೃದಯ ಪರೀಕ್ಷೆ ಮಾಡಿಸಿ, ತೊಂದರೆಯಿಲ್ಲ ಅಂತಾದ ಮೇಲೆ ಅಮ್ಲೊಡಿಪಿನ್ ಇಳಿಸಿ ಜೊತೆಗೆ ಬೇರೊಂದು ಬಿಪಿ ಮಾತ್ರೆ ಕೊಟ್ಟರು, ಫ್ಯುರೋಸಮೈಡ್ ತೆಗೆದರು. ಪಾದದ ಊತ ಇಳಿದಿದೆ. ಅವಿಲ್ ಹೋಗಿ, ಸ್ನಾನವಾದ ಮೇಲೆ ಕೊಬ್ಬರಿ ಎಣ್ಣೆ ಬಂತು. ಬಾಯಿ ಒಣಗುತ್ತಿದ್ದದ್ದು ನಿಜ, ಅಮ್ಮ ಯಾರಿಗೂ ಹೇಳಿಯೇ ಇರಲಿಲ್ಲ.

ನಿದ್ದೆ ಮಾತ್ರೆ 0.5ರಿಂದ ಸ್ವಲ್ಪ ಇಳಿದಿದೆ. 0.25ರದು ಒಂದು, ಇನ್ನೊಂದರ ಅರ್ಧ. ಇನ್ನೂ ಕೆಲವು ವಾರ ಇಷ್ಟೇ ಇರಲಿ ಅಂದಿದ್ದಾರೆ. ಮೊದಲ ನಾಲ್ಕು ರಾತ್ರಿ ಕಷ್ಟವಾಯಿತು. ನಾನು ಪಕ್ಕದಲ್ಲೇ ಹಾಸಿಕೊಂಡು ಮಲಗಿದೆ. ಹಗಲು ಮಲಗಬಾರದು, ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳದೆ ಎದ್ದು ಕೂರಬೇಕು, ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಐದೂವರೆಗೆ ಏಳಬೇಕು ಅಂತ ಅಲ್ಲಿನ ಮನಶ್ಶಾಸ್ತ್ರಜ್ಞೆ ಹೇಳಿಕೊಟ್ಟಿದ್ದಾರೆ. ಎದ್ದು ಕೂತ ರಾತ್ರಿ ಅಮ್ಮ ದೀಪದ ಬತ್ತಿ ಹೊಸೆಯುತ್ತಾಳೆ.

ಔಷಧಿ ಕಟ್ಟೆ

ಮಾತ್ರೆ ಅರ್ಧ ಮಾಡಲು ಬ್ಲೇಡು ಬೇಡ, ಪುಡಿಯಾಗುತ್ತದೆ. ಕತ್ತರಿಸಲೆಂದೇ ಪುಟ್ಟ ಡಬ್ಬಿ ಸಿಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಅಂತ ಬರೆದಿದ್ದರೆ ಅದನ್ನು ಯಾವ ಕಾರಣಕ್ಕೂ ತುಂಡು ಮಾಡಬೇಡಿ. ಫಂಗಸ್‌ಗೆ ಇಟ್ರಾಕೊನಜೋಲ್ ಯಾರಾದರೂ ಬರೆದರೆ ಅಲ್ಪ್ರಜೋಲಾಮ್ ಇದೆ ಅಂತ ಹೇಳಿ. ಯಕೃತ್ತಿನಲ್ಲಿ ಇದನ್ನು ಒಡೆಯುವ ಕಿಣ್ವವನ್ನೇ ಅದು ತಡೆಯುತ್ತದೆ, ಎರಡೂ ಕೂಡಲೇಬಾರದು.

ತುಂಗಾತೀರ · ನಾಲ್ಕು ತಿಂಗಳ ನಂತರ

ಈಗ 0.25ರ ಅರ್ಧಕ್ಕೆ ಬಂದಿದ್ದೇವೆ. ನಡುವೆ ಒಂದು ಸಲ ನಡುಕ ಹೆಚ್ಚಾಗಿ ಹಿಂದಿನ ಪ್ರಮಾಣಕ್ಕೆ ಹೋಗಿ ಎರಡು ವಾರ ನಿಂತೆವು. ಅದು ಸೋಲಲ್ಲ ಅಂದರು ಡಾಕ್ಟರು. ಈ ಲೆಕ್ಕ ನಮ್ಮಮ್ಮನದು, ಯಾರೂ ಇದನ್ನೇ ನೋಡಿ ಮಾಡಬೇಡಿ.

ಜೋಲಿ ಹೋಗಿದೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತಾಳೆ. ನಿನ್ನೆ ಅಡಿಕೆ ಸುಲಿಯಲು ಬಂದವರ ಲೆಕ್ಕದಲ್ಲಿ ನಾನು ಒಬ್ಬರನ್ನು ಬಿಟ್ಟಿದ್ದೆ, ಅಮ್ಮ ತಿದ್ದಿದಳು.

ಒಂದೇ ಸಂಕಟ. ಮೂರು ವರ್ಷದ ಹಿಂದೆ ನನ್ನ ಮಗಳ ಮದುವೆಯಾಯಿತು. ಧಾರೆಯ ಹೊತ್ತಿಗೆ ಅಮ್ಮ ಮುಂದೆಯೇ ಕೂತಿದ್ದಳು, ಹಾಡು ಹೇಳಿದ್ದಳು. ನಿನ್ನೆ ಆಲ್ಬಮ್ ತೆಗೆದು, "ನಾನು ಈ ಸೀರೆ ಉಟ್ಟಿದ್ದು ಯಾವಾಗಲೇ?" ಅಂತ ಕೇಳಿದಳು. ಮಾತ್ರೆ ಪೂರ್ತಿ ನಿಂತ ಮೇಲೆ ಆ ದಿನ ಅವಳಿಗೆ ವಾಪಸು ಬರುತ್ತದೆಯೇ?

ರಾತ್ರಿಪಾಳಿ

ಅಕ್ಕ, ಸುಳ್ಳು ಹೇಳುವುದಿಲ್ಲ. ಆ ಹೊತ್ತಿನಲ್ಲಿ ಬರೆದೇ ಇಲ್ಲದ್ದು ಆಮೇಲೆ ಸಿಗುವುದಿಲ್ಲ. ಆಲ್ಬಮ್ ಇಟ್ಟುಕೊಂಡು ನೀವೇ ಹೇಳಿ, ಯಾರು ಬಂದಿದ್ದರು, ಏನು ಅಡುಗೆ, ಅವರು ಯಾವ ಹಾಡು ಹೇಳಿದರು ಅಂತ. ಈಗ ಹೇಳಿದ್ದು ಉಳಿಯುತ್ತದೆ.

ತುಂಗಾತೀರ

ಹೇಳುತ್ತಿದ್ದೇನೆ. ಹಾಡಿನ ಮೊದಲ ಸಾಲು ನಾನು ಎತ್ತಿಕೊಟ್ಟೆ, ಉಳಿದದ್ದು ಅವಳೇ ಹೇಳಿದಳು.